ಕಿನೊಸಾಕಿಯ ಬಿಸಿನೀರಿನ ಊರಿಗೆ ಅಮ್ಮನನ್ನು ಕರೆದೊಯ್ಯಬಹುದೇ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು): ಜಪಾನಿನ ಕ್ಯೋಟೋದಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ ದೂರದ ಕಿನೊಸಾಕಿಯಲ್ಲಿ ಎರಡು ರಾತ್ರಿ ತಂಗುವ ಆಸೆಯಿದೆ. ಹಂಡೆಯ ನೀರಿನ ಸ್ನಾನವನ್ನು ಇಂದಿಗೂ ಬಿಡದ ನನ್ನ ತಾಯಿಯವರು ಶುದ್ಧ ಸಸ್ಯಾಹಾರಿ. ಅಲ್ಲಿನ ರೂಢಿಯಂತೆ ಪರರೆದುರು ಬಟ್ಟೆಯಿಲ್ಲದೆ ಸ್ನಾನ ಮಾಡಲು ಅವರಿಗೆ ಸಂಕೋಚ. ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ (ಮಂಡ್ಯ): ಖಂಡಿತ ಕರೆದೊಯ್ಯಿರಿ. ಅಲ್ಲಿನ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಕೊಳಗಳಿವೆ. ಮೊದಲು ಕುಳಿತು ಸೋಪು ಹಚ್ಚಿ ಮೈ ತೊಳೆದುಕೊಂಡು, ಚಿಕ್ಕ ಟವೆಲ್ಲನ್ನು ನೀರಿಗೆ ತಾಗಿಸದೆ ಕೊಳಕ್ಕೆ ಇಳಿಯಬೇಕು. ಸಂಕೋಚ ನೀಗದಿದ್ದರೆ ಕುಟುಂಬಕ್ಕಷ್ಟೇ ಮೀಸಲಾದ ಸ್ನಾನದ ಕೋಣೆಯುಳ್ಳ ವಸತಿಗೃಹವನ್ನು ಆರಿಸಿಕೊಳ್ಳಿ. ಸಂಜೆ ಯುಕಾತಾ ಎಂಬ ಹಗುರವಾದ ಹತ್ತಿಯ ನಿಲುವಂಗಿ ತೊಟ್ಟು, ಮರದ ಪಾದುಕೆಗಳ ಸದ್ದಿನೊಡನೆ, ವಿಲೋ ಮರಗಳು ಬಾಗಿನಿಂತ ಓಟಾನಿ ಹೊಳೆಯ ದಂಡೆಯಲ್ಲಿ ನಡೆಯುವುದೇ ನನಗೆ ಸ್ನಾನಕ್ಕಿಂತ ಹೆಚ್ಚು ಪ್ರಿಯವಾಯಿತು.

ಉತ್ತರ (ಕುವೆಂಪುನಗರ, ಮೈಸೂರು): ನಿಜವಾದ ತೊಡಕು ಊಟದ್ದು. ತರಕಾರಿಯ ಸಾರಿನಲ್ಲೂ ಸಾಮಾನ್ಯವಾಗಿ ಒಣಮೀನಿನ ಚಕ್ಕೆಗಳಿಂದ ತೆಗೆದ ದಾಶಿ ಎಂಬ ರಸ ಇರುವುದರಿಂದ, ಕೇವಲ ‘ಸಸ್ಯಾಹಾರಿ’ ಎನ್ನದೆ, ದಾಶಿಯೂ ಬೇಡವೆಂದು ಕೋಣೆ ಕಾಯ್ದಿರಿಸುವಾಗಲೇ ಜಪಾನಿ ಭಾಷೆಯಲ್ಲಿ ಬರೆದು ತಿಳಿಸಿ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ.

ಉತ್ತರ (ಮಂಡ್ಯ): ನೀರು ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ತಾಯಿಯವರಿಗೆ ರಕ್ತದೊತ್ತಡವಿದ್ದರೆ ವೈದ್ಯರನ್ನು ಮೊದಲೇ ಕೇಳಿ. ಕೊಳದಿಂದ ನಿಧಾನವಾಗಿ ಏಳಲು ಹೇಳಿ.