ಕಾದಂಬರಿಗಳನ್ನು ಅಂಗಡಿಯಲ್ಲಿ ಹೇಗೆ ವಿಂಗಡಿಸ್ತೀರಿ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಗೋಣಿಕೊಪ್ಪಲಿನಿಂದ)

ನಮ್ಮದು ಇಲ್ಲಿ ಸ್ಟೇಷನರಿ ಅಂಗಡಿ. ಅಪ್ಪ ನಡೆಸುತ್ತಿದ್ದದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಪಕ್ಕದ ಕೋಣೆ ಖಾಲಿಯಾಯಿತು, ಅಲ್ಲಿ ಪುಸ್ತಕ ಇಡೋಣ ಅಂತ ಹೊರಟಿದ್ದೇನೆ. ಮುಕ್ಕಾಲು ಪಾಲು ಕನ್ನಡದ ಕಾದಂಬರಿ, ಕಥಾಸಂಕಲನ. ಉಳಿದದ್ದು ಇಂಗ್ಲಿಷ್. ಹಲಗೆಗೆ ಚೀಟಿ ಅಂಟಿಸುವಾಗ ತಲೆಬಿಸಿ ಶುರುವಾಯಿತು. ವಿತರಕರ ಬಿಲ್ಲಿನಲ್ಲಿ ಎಲ್ಲದಕ್ಕೂ 'ಕಾದಂಬರಿ' ಅಂತಷ್ಟೇ ಇದೆ. ಆನ್‌ಲೈನ್‌ನಲ್ಲಿ ನೋಡಿದರೆ ಒಂದೇ ಪುಸ್ತಕ ಒಂದು ಕಡೆ ಥ್ರಿಲ್ಲರ್, ಇನ್ನೊಂದು ಕಡೆ ಐತಿಹಾಸಿಕ. ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ ಅಂತ ಬೇರೆ ಬೇರೆ ಇಡಬೇಕಾ, ಎಲ್ಲ ಒಟ್ಟಿಗೆ ಇಟ್ಟರೆ ಸಾಕಾ? ಅಂಗಡಿ, ಲೈಬ್ರರಿ ನಡೆಸಿದವರು ದಯವಿಟ್ಟು ಹೇಳಿ.

ಕುಶಾಲನಗರ, ಪುಸ್ತಕದಂಗಡಿ

ನೋಡಮ್ಮ, ಚೀಟಿ ಅಂಟಿಸೋದನ್ನು ಸ್ವಲ್ಪ ತಡೀರಿ. ಬಂದವರು ಏನಂತ ಕೇಳ್ತಾರೆ ಅನ್ನೋದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನನ್ನ ಅಂಗಡಿಗೆ ಬಂದು 'ಒಂದು ಸಾಮಾಜಿಕ ಕಾದಂಬರಿ ಕೊಡಿ' ಅಂತ ಯಾರೂ ಕೇಳಿದ್ದಿಲ್ಲ. 'ಭೈರಪ್ಪನವರದ್ದು ಹೊಸದಾಗಿ ಏನು ತರಿಸಿದ್ದೀರಿ', 'ಕಾರಂತರದ್ದು ಇದೆಯಾ', 'ತೇಜಸ್ವಿ ಎಲ್ಲಿಟ್ಟಿದ್ದೀರಿ', ಹೀಗೇ ಕೇಳೋದು. ಕನ್ನಡದ ಗಿರಾಕಿ ಹುಡುಕೋದು ಲೇಖಕರನ್ನು. ಹಾಗಾಗಿ ಕನ್ನಡದ ಕಾದಂಬರಿಯನ್ನು ಲೇಖಕರ ಹೆಸರಿನ ಅಕಾರಾದಿಯಲ್ಲೇ ಇಡಿ, ಕಣ್ಣು ಮುಚ್ಚಿ.

ಹಾಗೆ ಇಟ್ಟರೆ ಅರ್ಧ ಜಗಳ ತಾನಾಗಿ ಮುಗಿಯುತ್ತೆ. ಭೈರಪ್ಪನವರ 'ಪರ್ವ'ವನ್ನೇ ತಗೊಳ್ಳಿ. ಕಥೆ ಮಹಾಭಾರತದ್ದು, ಆದರೆ ಅದರಲ್ಲಿ ದೇವರೂ ಇಲ್ಲ, ಪವಾಡವೂ ಇಲ್ಲ. ಪೌರಾಣಿಕದಲ್ಲಿ ಇಡ್ತೀರಾ, ಸಾಮಾಜಿಕದಲ್ಲಾ? 'ಭ' ಹಲಗೆಯಲ್ಲಿಟ್ಟು ಸುಮ್ನಾಗಿ. ತೇಜಸ್ವಿಯವರ ಕಾದಂಬರಿ, ಶಿಕಾರಿ ಕಥೆಗಳ ಅನುವಾದ, ಪರಿಸರದ ಬರಹ, ಇವನ್ನು ಮೂರು ಕಡೆ ಹಂಚಿದರೆ ಮೂರು ಕಡೆಯೂ ಹೋಗಲ್ಲ. ಒಟ್ಟಿಗೆ ಇಟ್ಟರೆ ಒಂದು ತಗೊಳ್ಳೋಕೆ ಬಂದವರು ಎರಡು ತಗೊಂಡು ಹೋಗ್ತಾರೆ.

ಒಂದು ತೊಡಕು ಇದೆ. ಹೆಸರಿನ ಯಾವ ಭಾಗ ಹಿಡಿಯೋದು? ಎಸ್.ಎಲ್. ಭೈರಪ್ಪ ಅಂದರೆ 'ಎ' ಅಲ್ಲ, 'ಭ'. ಯು.ಆರ್. ಅನಂತಮೂರ್ತಿ 'ಅ'. ಶಿವರಾಮ ಕಾರಂತರು 'ಕ'. ಕಾವ್ಯನಾಮ ಇದ್ದರೆ ಕಾವ್ಯನಾಮವೇ. ಜನರ ಬಾಯಲ್ಲಿ ಯಾವುದು ಬರುತ್ತೋ ಅದು. ನಮ್ಮ ಕೊಡವ ಲೇಖಕರದ್ದು ಮಾತ್ರ ಬೇರೆ, ಅಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರುತ್ತೆ. ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ'ಯ ನಡಿಕೇರಿಯಂಡ ಚಿಣ್ಣಪ್ಪನವರನ್ನು ಊರಿನವರು 'ನ'ದಲ್ಲಿ ಹುಡುಕ್ತಾರೆ, ಮೈಸೂರಿನಿಂದ ಬಂದವರು 'ಚ'ದಲ್ಲಿ. ನಾನು 'ನ'ದಲ್ಲೇ ಇಡೋದು. ಅಂಗಡಿ ಇರೋದು ಕೊಡಗಿನಲ್ಲಿ ಅಲ್ವಾ?

ವಿರಾಜಪೇಟೆ, ಹಳೇ ಪುಸ್ತಕ ಮತ್ತು ಬಾಡಿಗೆ ಲೈಬ್ರರಿ

ಕುಶಾಲನಗರದ ಸರ್ ಹೇಳಿದ್ದು ಹೊಸ ಪುಸ್ತಕದ ಅಂಗಡಿಗೆ ಸರಿ. ನನ್ನ ಅನುಭವ ಬೇರೆ. ಬಾಡಿಗೆಗೆ ಒಯ್ಯುವವರು ಜಾತಿ ನೋಡಿ ಓದ್ತಾರೆ. ಕಾದಂಬರಿಯ ಜಾತಿ ಸ್ವಾಮಿ! ಪತ್ತೇದಾರಿ ಚಟ ಹತ್ತಿದವರಿಗೆ ಲೇಖಕ ಯಾರಾದರೂ ಆದೀತು. ಎನ್. ನರಸಿಂಹಯ್ಯನವರದ್ದು ಮುಗಿದರೆ ಪಕ್ಕದ್ದು ಕೊಡಿ ಅಂತಾರೆ. ಯಂಡಮೂರಿಯವರ ತೆಲುಗು ಕಾದಂಬರಿಗಳ ಅನುವಾದ ಓದಿದವರು ಮಾಟ, ಮಂತ್ರ, ಭಯ ಇರುವ ಇನ್ನೊಂದು ಕೇಳ್ತಾರೆ. ಅವರಿಗೆ ಅಕಾರಾದಿ ಏನು ಪ್ರಯೋಜನ?

ನಾನು ಬೆನ್ನಿಗೆ ಬಣ್ಣದ ಟೇಪ್ ಸುತ್ತುತ್ತೇನೆ. ಪತ್ತೇದಾರಿ ಹಸಿರು, ಭಯಾನಕ ಕಪ್ಪು, ಐತಿಹಾಸಿಕ ಕಂದು, ಮಹಿಳಾ ಕಾದಂಬರಿ ಗುಲಾಬಿ. ಹಸಿರು ಪೆಂಗ್ವಿನ್‌ನವರಿಂದ ಕದ್ದದ್ದು. ಅವರು 1935ರಲ್ಲಿ ಶುರು ಮಾಡಿದಾಗ ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ನೀಲಿ ಹೊದಿಕೆ ಹಾಕುತ್ತಿದ್ದರು. ಟೇಪ್‌ನ ಲಾಭ ಏನಂದರೆ ವಾಪಸ್ ಬಂದ ಪುಸ್ತಕವನ್ನು ಕೆಲಸದ ಹುಡುಗ ಓದದೇ ಸರಿಯಾದ ಜಾಗಕ್ಕೆ ಇಡ್ತಾನೆ. ಆದರೆ ಹೊಸ ಪುಸ್ತಕಕ್ಕೆ ಟೇಪ್ ಹಾಕಬೇಡಿ. ಕೀಳುವಾಗ ಹೊದಿಕೆಯ ಲ್ಯಾಮಿನೇಷನ್ ಸಮೇತ ಬರುತ್ತೆ.

ಮಡಿಕೇರಿ, ಕನ್ನಡ ಟೀಚರ್, ಬರೀ ಓದುವವಳು

'ಮಹಿಳಾ ಕಾದಂಬರಿ ಗುಲಾಬಿ' ಓದಿ ಕೈ ಸುಮ್ಮನಿರಲಿಲ್ಲ. ಅಣ್ಣಾ, ತ್ರಿವೇಣಿಯವರು ಬರೆದದ್ದು ಮನಸ್ಸಿನ ಒಳಗಿನ ತಳಮಳ. ಎಂ.ಕೆ. ಇಂದಿರಾ ಅವರದ್ದು ಮಲೆನಾಡಿನ ಒಂದು ಕಾಲದ ಇಡೀ ಬದುಕು. ಅದೇ ಸಂಸಾರ, ಅದೇ ಅಡುಗೆಮನೆಯನ್ನು ಗಂಡಸರು ಬರೆದರೆ 'ಸಾಹಿತ್ಯ' ಅಂತ ಮೇಲಿನ ಹಲಗೆ ಹತ್ತುತ್ತೆ. ಹೆಂಗಸರು ಬರೆದರೆ ಗುಲಾಬಿ ಟೇಪ್. ನನ್ನ ಕ್ಲಾಸಿನ ಹುಡುಗರು ಆ ಕಡೆ ತಿರುಗಿಯೂ ನೋಡಲ್ಲ, 'ಅದು ಹುಡುಗಿಯರದ್ದು ಮೇಡಂ' ಅಂತಾರೆ. ಬರೆದವರು ಗಂಡೋ ಹೆಣ್ಣೋ ಅನ್ನೋದು ಒಂದು ಪ್ರಕಾರ ಆಗೋಕೆ ಹೇಗೆ ಸಾಧ್ಯ?

ವಿರಾಜಪೇಟೆ, ಮತ್ತೆ

ಒಪ್ಪಿದೆ ಮೇಡಂ. ಆದರೆ ಬಾಗಿಲಿಗೆ ಬಂದು 'ಸಾಯಿಸುತೆ ತರಹದ್ದು ಇದೆಯಾ' ಅಂತ ಕೇಳುವವರಿಗೆ ಒಂದು ಜಾಗ ತೋರಿಸಬೇಕಲ್ಲ. ಚೀಟಿಯಲ್ಲಿ 'ಸಂಸಾರದ ಕಥೆ' ಅಂತ ಬದಲಾಯಿಸ್ತೇನೆ, ಗಂಡಸರು ಬರೆದದ್ದನ್ನೂ ಅಲ್ಲಿಗೇ ಹಾಕ್ತೇನೆ. ತ್ರಿವೇಣಿ, ಇಂದಿರಾ ಇಬ್ಬರೂ ಲೇಖಕರ ಸಾಲಿಗೆ. ಟೇಪ್ ಮಾತ್ರ ಒಂದು ಪೆಟ್ಟಿಗೆ ಉಳಿದಿದೆ, ಮುಗಿಯುವವರೆಗೆ ಗುಲಾಬಿಯೇ.

ಸೋಮವಾರಪೇಟೆಯವನು, ಬೆಂಗಳೂರಲ್ಲಿ ಪುಸ್ತಕ ವಿತರಣೆಯ ಕೆಲಸ

ಆನ್‌ಲೈನ್‌ನಲ್ಲಿ ಒಂದೇ ಪುಸ್ತಕ ಎರಡು ಕಡೆ ಯಾಕೆ ಅಂತ ಕೇಳಿದ್ರಿ. ಅಲ್ಲಿ ಹಲಗೆಯಲ್ಲಿ ಜಾಗ ಇಲ್ಲ ಅನ್ನುವ ಮಾತೇ ಇಲ್ಲ, ಒಂದು ಪುಸ್ತಕ ಎಷ್ಟು ವಿಭಾಗದಲ್ಲಿ ಬೇಕಾದರೂ ಕೂರಬಹುದು. ಯಾವ ವಿಭಾಗ ಅಂತ ಸಾಮಾನ್ಯವಾಗಿ ಬರೆದು ಕಳಿಸೋದು ಪ್ರಕಾಶಕರು. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯಲ್ಲಿ ಆ ಮಾಹಿತಿ ಇರೋದಿಲ್ಲ. 978ರ ನಂತರದ 81 ಅಥವಾ 93 ಭಾರತದ್ದು ಅಂತ ಹೇಳುತ್ತೆ, ಪತ್ತೇದಾರಿಯೋ ಪ್ರೇಮಕಥೆಯೋ ಅಂತ ಹೇಳಲ್ಲ.

ವಿಭಾಗಕ್ಕೆ ಬೇರೆಯೇ ಸಂಕೇತ ಇವೆ. ಅಮೆರಿಕದವರದ್ದು ಬಿಸ್ಯಾಕ್. 2013ರಲ್ಲಿ ಬಂದ ಥೀಮಾ ಅನ್ನುವುದು ಎಲ್ಲ ದೇಶಗಳಿಗೂ ಅಂತ ಮಾಡಿದ್ದು. ಥೀಮಾದಲ್ಲಿ ಕಥೆ ಕಾದಂಬರಿ ಎಲ್ಲ 'ಎಫ್' ಅಕ್ಷರದಿಂದ ಶುರು. ಎಫ್‌ಎಫ್ ಅಂದರೆ ಅಪರಾಧ ಮತ್ತು ಪತ್ತೇದಾರಿ, ಎಫ್‌ಎಚ್ ಥ್ರಿಲ್ಲರ್, ಎಫ್‌ಆರ್ ಪ್ರೇಮಕಥೆ, ಎಫ್‌ವಿ ಐತಿಹಾಸಿಕ. ಮಕ್ಕಳದ್ದು ಇದರೊಳಗೆ ಬರಲ್ಲ, ಅದು 'ವೈ'. ಕಥೆ ನಡೆಯುವ ಊರು, ಕಾಲ, ಇವನ್ನೂ ಮುಖ್ಯ ಸಂಕೇತದ ಜೊತೆಗೆ ಸೇರಿಸಬಹುದು. ಪುಸ್ತಕಕ್ಕೆ ಒಂದು ಮುಖ್ಯ ವಿಭಾಗ, ಆಮೇಲೆ ಒಂದೆರಡು ಉಪವಿಭಾಗ ಕೊಡೋದು ಪದ್ಧತಿ. ಕೆ.ಎನ್. ಗಣೇಶಯ್ಯನವರ ಕಾದಂಬರಿಗಳಲ್ಲಿ ಇತಿಹಾಸವೂ ಇದೆ, ಬೆನ್ನಟ್ಟುವ ಓಟವೂ ಇದೆ. ಹಾಗಾಗಿ ಥ್ರಿಲ್ಲರ್ ಮೊದಲು, ಐತಿಹಾಸಿಕ ಎರಡನೆಯದು ಅಂತ ಒಬ್ಬರು ಕೊಟ್ಟರೆ, ಇನ್ನೊಬ್ಬರು ತಿರುವುಮುರುವು ಕೊಡ್ತಾರೆ. ಇಬ್ಬರದ್ದೂ ತಪ್ಪಲ್ಲ.

ಅಂಗಡಿಗೆ ಇದರಿಂದ ಏನು ಉಪಯೋಗ? ಕನ್ನಡಕ್ಕೆ ಜಾಸ್ತಿ ಏನೂ ಇಲ್ಲ. ನಮ್ಮ ಬಹುಪಾಲು ಪಟ್ಟಿಗಳಲ್ಲಿ ಈ ಕಾಲಂ ಖಾಲಿಯೇ ಇರುತ್ತೆ. ಇಂಗ್ಲಿಷ್ ಪುಸ್ತಕಕ್ಕೆ ಮಾತ್ರ ಹಿಂಬದಿ ರಕ್ಷಾಪುಟ ನೋಡಿ. ಬಾರ್‌ಕೋಡ್ ಹತ್ತಿರವೋ ಮೇಲಿನ ಮೂಲೆಯಲ್ಲೋ ವಿಭಾಗವನ್ನು ಸಣ್ಣಕ್ಷರದಲ್ಲಿ ಅಚ್ಚು ಹಾಕಿರ್ತಾರೆ. ಕನ್ನಡದಲ್ಲಿ ಮುದ್ರಣದ ವಿವರ ಇರುವ ಪುಟ ತಿರುಗಿಸಿ. ಕಾಗದ, ಪುಟ, ಬೆಲೆಯ ಜೊತೆ 'ಕಾದಂಬರಿ' ಅಥವಾ 'ಸಣ್ಣಕಥೆಗಳು' ಅಂತ ಸಿಗುತ್ತೆ. ಕಥಾಸಂಕಲನವನ್ನು ಕಾದಂಬರಿ ಅಂತ ಮಾರಿ ಬೈಸಿಕೊಳ್ಳೋದು ತಪ್ಪುತ್ತೆ.

ಮಡಿಕೇರಿ, ನಿವೃತ್ತ ಗ್ರಂಥಪಾಲಕರು

ಲೈಬ್ರರಿ ನೋಡಿ ಅಂಗಡಿ ಜೋಡಿಸಬೇಡಿ ಅಂತ ಹೇಳೋಕೆ ಬರೆದೆ. ಲೈಬ್ರರಿಗಳಲ್ಲಿ ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814. ಅದಕ್ಕೆ ಒಂದು 3 ಸೇರಿಸಿದರೆ ಕಾದಂಬರಿ, ಕಥೆ. ಅಲ್ಲಿಗೆ ಮುಗೀತು. ಕೊಲೆಯ ಕಥೆಯೂ 894.8143, ಜ್ಞಾನಪೀಠ ಬಂದವರದ್ದೂ 894.8143. ಆಮೇಲೆ ಲೇಖಕರ ಹೆಸರಿನಿಂದ ಸಾಲು. ಬೇಕಾದ ಪುಸ್ತಕದ ಹೆಸರು ಗೊತ್ತಿದ್ದವರಿಗೆ ಅದು ಚೆನ್ನ. ಸುಮ್ನೆ ಕಣ್ಣಾಡಿಸಿ ಕೊಳ್ಳುವವರಿಗೆ ಅಲ್ಲ. ನವೋದಯ, ನವ್ಯ, ಬಂಡಾಯ ಅಂತಲೂ ಹಲಗೆ ಮಾಡೋಕೆ ಹೋಗಬೇಡಿ. ಅದು ಎಂ.ಎ. ಪರೀಕ್ಷೆಗೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯ್ತು. ಇನ್ನೊಂದು ಕೇಳ್ತೇನೆ. ಹೋಂಸ್ಟೇಗೆ ಬಂದವರು 'ಕೊಡಗಿನ ಪುಸ್ತಕ ಏನಿದೆ' ಅಂತ ಕೇಳ್ತಾರೆ. ಕೊಡಗಿನ ಕೊನೆಯ ರಾಜನ ಮೇಲಿನ ಮಾಸ್ತಿಯವರ ಕಾದಂಬರಿ 'ಚಿಕವೀರ ರಾಜೇಂದ್ರ' ಎಲ್ಲಿಡಲಿ? 'ಮ'ದಲ್ಲೋ, ಐತಿಹಾಸಿಕದಲ್ಲೋ, ಕೊಡಗು ಅಂತ ಬೇರೆ ಮಾಡಲೋ?

ಮಡಿಕೇರಿ, ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿ

ಇದಕ್ಕೆ ಉತ್ತರ ನಾನು ಹೇಳ್ತೇನೆ, ನಮ್ಮ ಅಂಗಡಿ ನಿಂತಿರೋದೇ ಆ ಹಲಗೆ ಮೇಲೆ. ಎರಡು ಪ್ರತಿ ತರಿಸಿ. ಒಂದು 'ಮ'ದಲ್ಲಿ, ಇನ್ನೊಂದು ಗಲ್ಲಾಪೆಟ್ಟಿಗೆ ಪಕ್ಕ 'ಕೊಡಗು' ಅಂತ ಬೋರ್ಡ್ ಇರುವಲ್ಲಿ. ಆ ಹಲಗೆಗೆ ಪ್ರಕಾರ ಗಿಕಾರ ಏನೂ ಇಲ್ಲ. ಕೊಡಗಿನ ಗೌರಮ್ಮನವರ ಕಥೆಗಳು, ಭಾರತೀಸುತರ ಕಾದಂಬರಿಗಳು, ಇತಿಹಾಸ, ಪಂದಿಕರಿಯ (ಹಂದಿಮಾಂಸದ) ಅಡುಗೆ ಪುಸ್ತಕ, ಹಕ್ಕಿಗಳ ಪುಸ್ತಕ, ಎಲ್ಲ ಅಲ್ಲೇ. ಗೌರಮ್ಮ 1939ರಲ್ಲಿ ತೀರಿಕೊಂಡಾಗ ಇನ್ನೂ 27 ವರ್ಷ. 'ಅ'ದಿಂದ 'ಹ'ವರೆಗಿನ ಸಾಲಿನಲ್ಲಿ ಅವರ ತೆಳ್ಳಗಿನ ಪುಸ್ತಕ ಕಾಣಿಸೋದೇ ಇಲ್ಲ. ಕೊಡಗು ಹಲಗೆಯಲ್ಲಿ ಮುಖ ಮುಂದೆ ಮಾಡಿ ನಿಲ್ಲಿಸಿದ ಮೇಲೆ ಹೋಗ್ತಾ ಇದೆ. ಭಾರತೀಸುತರನ್ನು 'ಎಡಕಲ್ಲು ಗುಡ್ಡದ ಮೇಲೆ' ಸಿನಿಮಾ ನೋಡಿದವರು ಕೇಳ್ತಾರೆ. ಲೇಖಕರ ಹೆಸರು ಅವರಿಗೆ ಗೊತ್ತಿರೋದಿಲ್ಲ, ಹಾಗಾಗಿ 'ಭ'ದಲ್ಲಿ ಹುಡುಕೋದೂ ಇಲ್ಲ.

ಒಂದು ಎಚ್ಚರ. ಆ ಹಲಗೆಯಲ್ಲಿ ಕಥೆ ಯಾವುದು, ಇತಿಹಾಸ ಯಾವುದು ಅಂತ ಸಣ್ಣ ಚೀಟಿ ಹಾಕಿ. ಒಬ್ಬರು 'ಚಿಕವೀರ ರಾಜೇಂದ್ರ' ಒಯ್ದು ಮರುದಿನ ವಾಪಸ್ ತಂದರು. 'ಇದರಲ್ಲಿ ಬರೀ ಮಾತುಕತೆ ಇದೆ, ಅಡಿಟಿಪ್ಪಣಿಯೇ ಇಲ್ಲ' ಅಂತ. 1834ರಲ್ಲಿ ಇಂಗ್ಲಿಷರು ರಾಜನನ್ನು ಇಳಿಸಿದ್ದು ಇತಿಹಾಸ, ಅರಮನೆಯೊಳಗಿನ ಮಾತು ಮಾಸ್ತಿಯವರದ್ದು ಅಂತ ವಿವರಿಸಿ, ಬದಲಿಗೆ ಬೇರೆ ಪುಸ್ತಕ ಕೊಟ್ಟೆ.

ಇಲ್ಲಿನ ಮಾತುಗಳಾದ ಕೊಡವ ತಕ್ಕ್ ಮತ್ತು ಅರೆಭಾಷೆಯ ಪುಸ್ತಕಗಳು ಕನ್ನಡ ಲಿಪಿಯಲ್ಲೇ ಇರೋದರಿಂದ ಕನ್ನಡದ ಸಾಲಿಗೆ ನುಸುಳಿಬಿಡ್ತವೆ. ಬೇರೆ ಇಡಿ. ಇಲ್ಲಾಂದರೆ ಬೇಕಾದವರಿಗೆ ಸಿಗಲ್ಲ, ಬೇಡದವರ ಕೈಗೆ ಸಿಕ್ಕು 'ಇದೇನ್ರೀ ಅರ್ಥವೇ ಆಗಲ್ಲ' ಅನ್ನಿಸಿಕೊಳ್ಳುತ್ತೆ.

ಕುಶಾಲನಗರ, ಮತ್ತೆ

ಇಂಗ್ಲಿಷ್ ಬಗ್ಗೆ ಹೇಳೋದು ಮರೆತೆ. ಅದಕ್ಕೆ ಪ್ರಕಾರವೇ ಸರಿ. ಕಾಲೇಜು ಹುಡುಗರು ಬಂದು 'ಫ್ಯಾಂಟಸಿ ಎಲ್ಲಿ, ಥ್ರಿಲ್ಲರ್ ಎಲ್ಲಿ' ಅಂತಲೇ ಕೇಳೋದು. ಮೂರು ನಾಲ್ಕು ಭಾಗ ಸಾಕು. ಹತ್ತು ಪುಸ್ತಕ ಇಲ್ಲದ ವಿಭಾಗಕ್ಕೆ ಬೋರ್ಡ್ ಹಾಕಬೇಡಿ, ಬೋಳು ಹಲಗೆ ಕಂಡರೆ ಅಂಗಡಿಯೇ ಖಾಲಿ ಅನ್ನಿಸುತ್ತೆ.

ಮಡಿಕೇರಿ, ಬಸ್‌ಸ್ಟ್ಯಾಂಡ್

ಮತ್ತೆ ಜೂನ್ ಬಂದರೆ ನಿಮ್ಮ ವಿಂಗಡಣೆಯನ್ನು ಗೋಡೆ ಮಾಡುತ್ತೆ! ಹೊರಗೋಡೆಗೆ ತಾಗಿದ ಹಲಗೆಯಲ್ಲಿ ನಿಧಾನವಾಗಿ ಹೋಗುವ ಪುಸ್ತಕ ಇಡಬೇಡಿ, ಆಗಸ್ಟ್‌ನಲ್ಲಿ ಬೆನ್ನು ಬೂಸ್ಟು ಹಿಡಿದಿರುತ್ತೆ. ಅಲ್ಲಿ ಪತ್ತೇದಾರಿ ಇಡಿ, ವಾರಕ್ಕೊಮ್ಮೆಯಾದರೂ ಯಾರಾದರೂ ಕೈ ಹಾಕ್ತಾರೆ. ಹಲಗೆ ಮತ್ತು ಗೋಡೆ ನಡುವೆ ನಾಲ್ಕು ಬೆರಳು ಜಾಗ ಬಿಡಿ.

ಪ್ರಶ್ನೆ ಕೇಳಿದವರು

ಹೀಗೆ ಮಾಡ್ತೇನೆ. ಕನ್ನಡ ಲೇಖಕರ ಅಕಾರಾದಿಯಲ್ಲಿ. ಪತ್ತೇದಾರಿ, ಭಯಾನಕ ಎರಡು ಮಾತ್ರ ಬೇರೆ. ಕೊಡಗು ಹಲಗೆ ಬಾಗಿಲ ಹತ್ತಿರ. ಇಂಗ್ಲಿಷ್ ಮೂರು ಭಾಗ. ನೋಟ್‌ಬುಕ್ ಇವತ್ತೇ ಇಟ್ಟೆ. ಮೊದಲು ಬಂದ ಅಜ್ಜ ಕೇಳಿದ್ದು ಪಂಚಾಂಗ.

ಕುಶಾಲನಗರ

ಅದನ್ನು ಗಲ್ಲಾಪೆಟ್ಟಿಗೆ ಮೇಲೇ ಇಡಿ ಅಮ್ಮ, ಯುಗಾದಿ ಹೊತ್ತಿಗೆ ಕಾದಂಬರಿಗಿಂತ ಜಾಸ್ತಿ ಹೋಗೋದು ಅದೇ.