ಸಹಾಯ ಬೇಕು: ಅವ್ವನ ಕಂಪ್ರೆಷನ್ ಸ್ಟಾಕಿಂಗ್ಸ್ ಮತ್ತು ರಾಯಚೂರಿನ ಬಿಸಿಲು

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವ ರಾಯಚೂರಲ್ಲಿ ಖಾನಾವಳಿ ನಡೆಸ್ತಾರೆ, ಶುಗರ್ ಇದೆ. ವರ್ಷಗಟ್ಟಲೆ ಒಲೆ ಮುಂದೆ ನಿಂತು ರೊಟ್ಟಿ ಮಾಡಿ ಎಡ ಮೀನಖಂಡದಲ್ಲಿ ನರ ಗಂಟುಗಂಟಾಗಿ ಉಬ್ಬಿವೆ, ಸಂಜೆಗೆ ಪಾದ ಬಾತುಕೊಳ್ಳುತ್ತೆ. ಡಾಪ್ಲರ್ (ರಕ್ತದ ಹರಿವು ನೋಡೋ ಸ್ಕ್ಯಾನ್) ಮಾಡಿಸಿದ್ವಿ. ಅಭಿಧಮನಿಯ (ರಕ್ತವನ್ನ ಹೃದಯಕ್ಕೆ ವಾಪಸ್ ಒಯ್ಯೋ ನಾಳ) ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ರಕ್ತ ಮೇಲಕ್ಕೆ ಹೋಗದೆ ಕೆಳಗೇ ನಿಲ್ಲುತ್ತೆ ಅಂದರು. ಅದಕ್ಕೆ ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನ ಬಿಗಿಯಾಗಿ ಒತ್ತಿ ಹಿಡಿಯೋ ಕಾಲುಚೀಲ ಹಾಕಬೇಕು. ಅಪಧಮನಿಯಲ್ಲಿ (ಹೃದಯದಿಂದ ರಕ್ತ ತರೋ ನಾಳ) ಅಡಚಣೆ ಇದ್ದವರಿಗೆ ಈ ಒತ್ತಡ ಅಪಾಯವಂತೆ. ಅದಿಲ್ಲ ಅಂತ ನೋಡಿಕೊಂಡೇ ಮೊಣಕಾಲುದ್ದದ ಕ್ಲಾಸ್ 2 (ಒತ್ತಡದ ಮಟ್ಟ, 23–32 ಎಂಎಂಎಚ್‌ಜಿ) ಸ್ಟಾಕಿಂಗ್ಸ್ ಬರೆದುಕೊಟ್ಟಿದ್ದಾರೆ. ಹಾಗಾಗಿ ಹಾಕಬೇಕಾ ಬೇಡವಾ ಅನ್ನೋ ಚರ್ಚೆ ದಯವಿಟ್ಟು ಬೇಡ. ಎಣ್ಣೆ ತಿಕ್ಕೋ ಸಲಹೆಗಳು ನೆಂಟರಿಂದ ಸಾಕಷ್ಟು ಬಂದಿವೆ!

ಬೆಳಿಗ್ಗೆ ಬಾವು ಏರೋ ಮೊದಲು ಹಾಕಬೇಕು, ಮಲಗುವಾಗ ತೆಗೀಬೇಕು, ಅಷ್ಟು ಗೊತ್ತು. ತೊಡಿಸೋದೇ ಕುಸ್ತಿ. ಹಿಮ್ಮಡಿವರೆಗೆ ಒಳಮಗ್ಗುಲು ತಿರುವಿ, ಹಿಮ್ಮಡಿ ಕೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮೇಲೆ ಎಳೀತೀವಿ. ನಾನು ಊರಲ್ಲಿಲ್ಲದಾಗ ಅವ್ವನ ಕೈಲಿ ಆಗಲ್ಲ. ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತಂತೆ, ಪಾತ್ರೆ ತೊಳೆಯೋ ಗ್ಲೌಸೇ ಸಾಕಾ?

ಇನ್ನೊಂದು, ಮಧ್ಯಾಹ್ನಕ್ಕೆ ಮೇಲಂಚು ಸುರುಳಿಯಾಗಿ ಮಂಡಿ ಕೆಳಗೆ ದಾರ ಬಿಗಿದಂತೆ ಗೆರೆ ಬೀಳುತ್ತೆ. ಅಂಗಡಿಯವರು ಅಳತೆ ತೆಗೆದದ್ದು ಸಂಜೆ, ಬಾತ ಕಾಲಿಗೆ. ಸೈಜೇ ತಪ್ಪಿರಬಹುದಾ? ಬೆಳಿಗ್ಗೆ ಮತ್ತೆ ಅಳತೆ ಕೊಟ್ಟು ಬದಲಾಯಿಸಿಕೊಂಡವರು ಇದ್ದೀರಾ?

ಏಪ್ರಿಲ್ ಬಿಸಿಲು, ಮೇಲೆ ಒಲೆ ಕಾವು. ಬೆರಳು ತೆರೆದಿರೋ ಮಾದರಿ ಬಳಸಿದವರು ಹೇಗಿದೆ ಹೇಳಿ. ಶುಗರ್ ಇರೋ ಅಪ್ಪ ಅಮ್ಮನಿಗೆ ತೊಡಿಸುವವರು ರಾತ್ರಿ ಚರ್ಮದಲ್ಲಿ ಏನೇನು ನೋಡ್ತೀರಿ ಅಂತಲೂ ತಿಳಿಸಿ.