ಯಾದಗಿರಿಯಿಂದ ಕಲಬುರಗಿಗೆ 35 ಸಲ ಕರೆಂಟ್ (ಕ್ಯಾನ್ಸರಿನ ರೇಡಿಯೇಶನ್ ಚಿಕಿತ್ಸೆ): ಓಡಾಟದ ಖರ್ಚು ಇಳಿಸೋದು ಹ್ಯಾಂಗ?

ಯಾದಗಿರಿ_ಹಳ್ಳಿ ಕೇಳಿದ್ದು:
ರೋಗಿ ಗಂಡಸು, 61 ವರ್ಷ, ಗಂಟಲ ಕ್ಯಾನ್ಸರ್. ಕಲಬುರಗಿಯಲ್ಲಿ 35 ಸಲ ಕರೆಂಟ್ ಕೊಡಬೇಕು, ಸೋಮವಾರದಿಂದ ಶುಕ್ರವಾರ, ಒಟ್ಟು 7 ವಾರ. ವಾರಕ್ಕೊಮ್ಮೆ ಕಿಮೋ. ಊರು ಯಾದಗಿರಿ ಸ್ಟೇಷನ್ನಿಗೆ ಹತ್ತಿರ. ಜೊತೆಗೆ ಹೋಗೋರು ಅವರ ಹೆಂಡತಿ. ಬಾಡಿಗಿ ಕಾರಿನವರು ಹೋಗಿ ಬರೋದಕ್ಕ ದಿನಕ್ಕ 2,500 ಕೇಳ್ತಾರ, ಅಂದ್ರ ಎಲ್ಲಾ ಸೇರಿ 87,500 ಆಗ್ತದ. ಚಿಕಿತ್ಸೆ ಆಯುಷ್ಮಾನ್ ಕಾರ್ಡಿನಲ್ಲಿ ನಡೀತದ, ಆದ್ರ ಓಡಾಟದ ರೊಕ್ಕ ಕೈಯಿಂದಲೇ ಹೋಗಬೇಕು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಪುಕ್ಕಟೆ ಅಂತಾರ. ದಿನಾ ಓಡಾಟಕ್ಕೂ ಅದು ಸಿಗ್ತದೇನು? ಕರೆಂಟ್ ಮುಗಿದ ಮ್ಯಾಲ ಒಮ್ಮೆ ಬೆಂಗಳೂರಿಗೂ ಹೋಗಬೇಕಾಗಬಹುದು.

ಸೀಸನ್_ಪಾಸ್ ಉತ್ತರ:
ದಿನಾ ಓಡಾಟಕ್ಕ ರಿಯಾಯಿತಿ ಹಿಂದ ಬೀಳಬ್ಯಾಡ್ರಿ, ಮಾಸಿಕ ಸೀಸನ್ ಟಿಕೆಟ್ ತಗೋರಿ. 150 ಕಿ.ಮೀ. ವರೆಗೆ ಸಿಗ್ತದ, ಯಾದಗಿರಿ–ಕಲಬುರಗಿ ಅದರ ಅರ್ಧ ದೂರ. ಗುರುತಿನ ಚೀಟಿ ತೋರಿಸಿ ಕೌಂಟರಿನಲ್ಲೇ ತಗೋಬಹುದು. ಡಾಕ್ಟರ್ ಸರ್ಟಿಫಿಕೇಟ್ ಬೇಕಾಗಿಲ್ಲ, ದಿನಾ ಸಾಲಿನಲ್ಲಿ ನಿಲ್ಲೋದೂ ತಪ್ತದ.

ಮೂರು ತಿಂಗಳ ಪಾಸ್ ತಗೊಂಡ್ರ ಉಳಿತಾಯ ಅಂತ ಕೌಂಟರಿನಲ್ಲಿ ಹೇಳಬಹುದು. ಅದರ ದರ ಒಂದು ತಿಂಗಳದ್ದರ 2.7 ಪಟ್ಟು. ನಿಮಗ ಬೇಕಾದದ್ದು 7 ವಾರ ಮಾತ್ರ, ಹಾಗಾಗಿ ತಿಂಗಳಿನದೇ ಸಾಕು. ಅದೂ ಒಂದೇ ತಗೋರಿ, ಎರಡನೇದು ಆಮ್ಯಾಲ ನೋಡಿದ್ರಾತು. ಯಾಕಂದ್ರ ಒಂದು ತಿಂಗಳಲ್ಲಿ ಸುಮಾರು 21–22 ಕರೆಂಟ್ ಮುಗೀತಾವ, ಬಾಯಿ ಗಂಟಲು ಹುಣ್ಣಾಗಿ ದೇಹ ಸೋಲೋದು ಹೆಚ್ಚುಕಡಿಮಿ ಅದೇ ಹೊತ್ತಿಗೆ.

ಈ ಪಾಸ್ ಜನರಲ್ ಡಬ್ಬಿಗೆ ಮಾತ್ರ. ಸ್ಲೀಪರ್ ಹತ್ತಿದ್ರ ದಂಡ ಬೀಳ್ತದ. ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚುವರಿ ಶುಲ್ಕ ಬ್ಯಾರೆ ಕಟ್ಟಬೇಕು, ಕಟ್ಟಿರದಿದ್ರ ಆ ಗಾಡಿ ಬಿಡ್ರಿ.

ಕರೆಂಟ್ ಶುರು ಆಗೋ ಮೊದಲೇ ಮಷೀನ್ ಹತ್ರ ಇರೋ ಟೆಕ್ನಿಷಿಯನ್ನರಿಗೆ ನಿಮ್ಮ ಗಾಡಿ ಹೊತ್ತು ಬರೆದು ಕೊಡ್ರಿ, 'ಇದಕ್ಕ ಹೊಂದೋ ಹೊತ್ತು ಕೊಡ್ರಿ' ಅಂತ ಕೇಳ್ರಿ. ಒಮ್ಮೆ ಹೊತ್ತು ಗೊತ್ತಾದ ಮ್ಯಾಲ ಬದಲಿಸೋದು ಕಷ್ಟ. ವಿಭಾಗದ ಫೋನ್ ನಂಬರ್ ತಗೊಂಡು ದಿನಾ ಮುಂಜಾನಿ ಮನಿ ಬಿಡೋ ಮೊದಲು ವಿಚಾರಿಸ್ರಿ. ಮಷೀನ್ ರಿಪೇರಿ ಅಥವಾ ಸರ್ವಿಸ್ ಇದ್ರ 150 ಕಿ.ಮೀ. ಓಡಾಟ ದಂಡ ಆಗೋದು ತಪ್ತದ.

ವಾರ್ಡ್_ಸಿಸ್ಟರ್ ಉತ್ತರ:
ಮೇಲಿನವರು ಹೇಳಿದ ಆ ತಿಂಗಳ ಲೆಕ್ಕ ಬಹಳ ಮುಖ್ಯ. ಮೊದಲ ಮೂರ್ನಾಲ್ಕು ವಾರ ಓಡಾಡಿ, ಕೊನೆಯ 13–14 ಕರೆಂಟಿಗೆ ಕಲಬುರಗಿಯಲ್ಲೇ ಉಳಿಯಿರಿ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ವಾರವೇ ಕೇಳಿ ಖೋಲಿ ಗೊತ್ತುಮಾಡಿಕೊಳ್ಳಿ. ಸುಸ್ತಾದ ಮೇಲೆ ಹುಡುಕಲು ಹೊರಟರೆ ಸಿಕ್ಕಿದ್ದಕ್ಕೆ ಕೇಳಿದಷ್ಟು ಕೊಡಬೇಕಾಗುತ್ತದೆ.

ಗಂಟಲ ಕ್ಯಾನ್ಸರಿನಲ್ಲಿ ಕರೆಂಟ್ ನಡುವೆ ತಪ್ಪಬಾರದು. ನಾಲ್ಕನೇ ವಾರದ ಆಸುಪಾಸಿನಿಂದ ಗಡ್ಡೆಯಲ್ಲಿ ಉಳಿದ ಕೋಶಗಳು ಜೋರಾಗಿ ಹೆಚ್ಚತೊಡಗುತ್ತವೆ. ಆಗ ತಪ್ಪಿದ ಒಂದೊಂದು ದಿನವೂ ಚಿಕಿತ್ಸೆಯ ಫಲ ಕಡಿಮೆ ಮಾಡುತ್ತದೆ. ಬಾಡಿಗೆಗೆ ದುಡ್ಡಿಲ್ಲ ಅಂತ ಜನ ನಿಲ್ಲಿಸಿಬಿಡುವುದು ಸರಿಯಾಗಿ ಈ ಹೊತ್ತಿಗೇ. ದಯವಿಟ್ಟು ಹಾಗೆ ಆಗದಂತೆ ನೋಡಿಕೊಳ್ಳಿ. ಕೈಯಲ್ಲಿರುವ ಹಣವನ್ನು ಮೊದಲ ವಾರ ಕಾರಿಗೆ ಹಾಕಿ ಮುಗಿಸಬೇಡಿ, ಕೊನೆಗೆ ಇಟ್ಟುಕೊಳ್ಳಿ.

ಕಿಮೋಗೆ ಮೊದಲಿನ ರಕ್ತ ಪರೀಕ್ಷೆಯನ್ನು ಹಿಂದಿನ ದಿನವೇ ಯಾದಗಿರಿ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಬಹುದೇ ಅಂತ ನಿಮ್ಮ ಡಾಕ್ಟರನ್ನು ಕೇಳಿ. ರಿಪೋರ್ಟಿಗಾಗಿ ಕಾಯುತ್ತಾ ಸಂಜೆ ಗಾಡಿ ತಪ್ಪಿಸಿಕೊಳ್ಳುವವರು ಬಹಳ.

ಪ್ರಯಾಣದಲ್ಲಿ ಕುತ್ತಿಗೆಗೆ ಮಫ್ಲರ್ ಬಿಗಿಯಬೇಡಿ, ಮೆತ್ತನೆಯ ಹತ್ತಿ ಬಟ್ಟೆ ಸಡಿಲವಾಗಿ ಹೊದೆಸಿ. ಎಣ್ಣೆ, ಬಾಮ್ ಬೇಡ. ಮೂಗಿನ ನಳಿಗೆ ಹಾಕಿದ್ದರೆ ಹೊರಡುವ ಮುನ್ನ ಅಂಟುಪಟ್ಟಿ ಬಿಗಿಯಾಗಿದೆಯೇ ನೋಡಿ. ಹಾಲು, ಗಂಜಿ ಹಾಕಿದ ಮೇಲೆ ಅರ್ಧ ತಾಸು ನೆಟ್ಟಗೆ ಕೂತೇ ಗಾಡಿ ಹತ್ತಬೇಕು, ಇಲ್ಲದಿದ್ದರೆ ಕುಲುಕಾಟಕ್ಕೆ ವಾಂತಿ ಬಂದು ಶ್ವಾಸನಾಳಕ್ಕೆ ಹೋಗಬಹುದು. 100.4 ಡಿಗ್ರಿ ಮೀರಿ ಜ್ವರ, ಬಾಯಿಂದ ರಕ್ತ, ಉಸಿರಾಟದ ತೊಂದರೆ, ಇವು ಕಂಡರೆ ರೈಲು ಬಸ್ಸು ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ದಿನನಿತ್ಯದ ಕರೆಂಟಿಗೆ 108 ಬರುವುದಿಲ್ಲ, ಅದು ತುರ್ತಿಗೆ ಮೀಸಲು.

ಕೌಂಟರ್_ಕಿಟಕಿ ಉತ್ತರ:
ಬೆಂಗಳೂರಿನ ಪ್ರಯಾಣಕ್ಕೆ ಕ್ಯಾನ್ಸರ್ ರಿಯಾಯಿತಿ ಬಳಸಿ. ಸ್ಲೀಪರ್ ಮತ್ತು 3 ಎಸಿಯಲ್ಲಿ ರೋಗಿಗೆ 100%, ಜೊತೆಗಾರರೊಬ್ಬರಿಗೆ 75%. ಸೆಕೆಂಡ್ ಕ್ಲಾಸ್, ಎಸಿ ಚೇರ್ ಕಾರಿನಲ್ಲಿ ಇಬ್ಬರಿಗೂ 75%. 2 ಎಸಿ, 1 ಎಸಿಯಲ್ಲಿ 50%. ಇದೆಲ್ಲ ಮೂಲ ದರದ ಮೇಲೆ ಮಾತ್ರ.

ಆಸ್ಪತ್ರೆಯಿಂದ ರೈಲ್ವೆಯ ನಿಗದಿತ ನಮೂನೆಯಲ್ಲೇ ಸರ್ಟಿಫಿಕೇಟ್ ಬೇಕು. ಲೆಟರ್‌ಹೆಡ್ಡಿನಲ್ಲಿ 'ಇವರಿಗೆ ಕ್ಯಾನ್ಸರ್ ಇದೆ' ಅಂತ ಬರೆಸಿಕೊಂಡು ಬಂದರೆ ವಾಪಸ್ ಕಳಿಸುತ್ತಾರೆ. ಹೆಸರು, ವಯಸ್ಸು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಯಾವ ಸ್ಟೇಷನ್ನಿನಿಂದ ಯಾವ ಸ್ಟೇಷನ್ನಿಗೆ ಎನ್ನುವ ಜಾಗ ಖಾಲಿ ಬಿಡಬೇಡಿ. ಡಾಕ್ಟರ ಸಹಿ, ಆಸ್ಪತ್ರೆಯ ಸೀಲು ಎರಡೂ ಬೇಕು. ಎರಡು ಝೆರಾಕ್ಸ್ ತೆಗೆಸಿ, ಮೂಲ ಪ್ರತಿ ಪ್ರಯಾಣದಲ್ಲಿ ಜೊತೆಗಿರಲಿ.

ಇಬ್ಬರ ಟಿಕೆಟ್ಟೂ ಒಂದೇ ಪಿಎನ್‌ಆರ್‌ನಲ್ಲಿ ಬರಬೇಕು. ಜೊತೆಗಾರರ ಟಿಕೆಟ್ ಬೇರೆ ಮಾಡಿಸಿದರೆ ಅವರ ರಿಯಾಯಿತಿ ಹೋಯಿತು. ತತ್ಕಾಲ್‌ಗೂ ವಂದೇ ಭಾರತ್‌ಗೂ ಇದು ನಡೆಯುವುದಿಲ್ಲ. ಉದ್ಯಾನ್ ಅಥವಾ ಬಸವ ಎಕ್ಸ್‌ಪ್ರೆಸ್ ನೋಡಿ, ಎರಡೂ ಯಾದಗಿರಿ ಮೇಲೆ ಹೋಗುತ್ತವೆ. ಮುಂಗಡ ಬುಕಿಂಗ್ 60 ದಿನಕ್ಕೆ ತೆರೆದಿರುತ್ತದೆ, ಡಾಕ್ಟರು ತಾರೀಖು ಕೊಟ್ಟ ದಿನವೇ ಕೌಂಟರಿಗೆ ಹೋಗಿ.

ಯಾದಗಿರಿ_ಹಳ್ಳಿ:
ಇಷ್ಟು ಬಿಡಿಸಿ ಹೇಳಿದ್ದಕ್ಕ ಭಾಳ ಉಪಕಾರ ಆತ್ರಿ. ಗಾಡಿ ತಪ್ಪಿದ ದಿನ ಬಸ್ಸಿಗೆ ಹೋದ್ರ ಹ್ಯಾಂಗ?

ಸೀಸನ್_ಪಾಸ್:
ಹೋಗ್ರಿ. ಸಾದಾ ಬಸ್ಸಿನಲ್ಲಿ ಅಮ್ಮಾರಿಗೆ ಶಕ್ತಿ ಯೋಜನೆ ಅದ, ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡ್ರಾತು. ರೋಗಿಗೆ 60 ದಾಟ್ಯಾವಲ್ಲ, ಹಿರಿಯ ನಾಗರಿಕರ ರಿಯಾಯಿತಿ 25% ಕೇಳ್ರಿ, ವಯಸ್ಸಿನ ದಾಖಲೆ ಕೈಯಾಗ ಇರಲಿ. ಹಿಂದಿನ ಗಾಲಿ ಮ್ಯಾಲಿನ ಸೀಟು ಬಿಟ್ಟು ನಡುವಿನದು ಹಿಡೀರಿ, ಜಿಗಿತ ಕಡಿಮಿ.

ಬೀದರ್_ಕೋಟೆ:
ಬೀದರಿನಿಂದ ಹೈದರಾಬಾದಿಗೆ ಚಿಕಿತ್ಸೆಗೆ ಹೋಗೋರಿಗೆ ಒಂದು ಮಾತು. ಶಕ್ತಿ ಟಿಕೆಟ್ ರಾಜ್ಯದ ಒಳಗ ಮಾತ್ರ. ತೆಲಂಗಾಣಕ್ಕ ಹೋಗೋ ಬಸ್ಸಿನಲ್ಲಿ ಹೆಣ್ಣುಮಕ್ಕಳೂ ರೊಕ್ಕ ಕೊಡಬೇಕಾಗ್ತದ. ಬೀದರ್–ಹೈದರಾಬಾದ್ ಇಂಟರ್‌ಸಿಟಿಗೆ ಸರ್ಟಿಫಿಕೇಟ್ ತೋರಿಸಿ ಸೆಕೆಂಡ್ ಕ್ಲಾಸ್ ಟಿಕೆಟ್ ತಗೊಂಡ್ರ ಇಬ್ಬರಿಗೂ ಕಾಲು ಭಾಗ ದರ ಮಾತ್ರ. ಸರ್ಟಿಫಿಕೇಟ್‌ನಾಗ ನೀವು ಹತ್ತೋ ಸ್ಟೇಷನ್ನೇ ಬರೆದಾರೇನು ಅಂತ ಆಸ್ಪತ್ರೆ ಬಿಡೋ ಮೊದಲೇ ಓದಿ ನೋಡ್ರಿ.